ರಾಶಿ ಯಾವಾಗ ಎಂದು ಕೇಳಿದ ಡಾಕ್ಟರು

ಜೇವರ್ಗಿಯಿಂದ ದಾರಿಗಳು ಮೂರು ಕಡೆ ಹೊರಡುತ್ತವೆ. ಉತ್ತರದ್ದು ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಸುಮಾರು 40 ಕಿ.ಮೀ. ದೂರದ ಕಲಬುರಗಿ ಸೇರುತ್ತದೆ. ಪಶ್ಚಿಮದ್ದು ಸಿಂದಗಿಯ ಮೇಲೆ ವಿಜಯಪುರಕ್ಕೆ. ದಕ್ಷಿಣದ್ದು ಶಹಾಪುರದ ಕಡೆಗೆ. ಚಾಮರಾಜನಗರದ ತನಕ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಶುರುವಾಗುವುದೇ ಈ ಊರಿನಿಂದ. ಸಂತೆಗೆ, ಮದುವೆಗೆ, ಕೋರ್ಟು ಕಚೇರಿಗೆ ಹೊರಟವರ ನಡುವೆ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಅವುಚಿಕೊಂಡವರು ಒಬ್ಬರಾದರೂ ಇಲ್ಲಿನ ಬಸ್ ನಿಲ್ದಾಣದಲ್ಲಿ ಕಣ್ಣಿಗೆ ಬೀಳುತ್ತಾರೆ. ಚೀಲದೊಳಗೆ ಸ್ಕ್ಯಾನಿಂಗ್ ಫಿಲ್ಮು, ರಕ್ತದ ರಿಪೋರ್ಟು, ರೇಷನ್ ಕಾರ್ಡಿನ ಜೆರಾಕ್ಸು. ಅವರ ಮನೆಯಲ್ಲಿ ಔಷಧದ ಮಾತಿಗಿಂತ ಮೊದಲು ಆಗಬೇಕಾದ ತೀರ್ಮಾನ ಒಂದೇ: ಯಾವ ದಿಕ್ಕಿನ ಬಸ್ಸು ಹತ್ತಬೇಕು?

ಅಖಂಡೇಶ್ವರ ಅಂಕಿತದ ವಚನಕಾರ ಷಣ್ಮುಖ ಶಿವಯೋಗಿಗಳ ಊರಿದು. ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿ ಕಳಿಸಿದ ಕ್ಷೇತ್ರವೂ ಹೌದು. ಊರು ಬಿಟ್ಟರೆ ಕಣ್ಣು ಹೋದಷ್ಟು ಕರಿನೆಲ. ತೊಗರಿ, ಹತ್ತಿ, ಹಿಂಗಾರಿ ಜೋಳ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಆ ತೊಗರಿ ಬೆಳೆಯುವ ಹೊಲಗಳಲ್ಲಿ ಇವು ಹೂ ಬಿಡುವ ದಿನಗಳು. ನಾನು ಇಲ್ಲಿಗೆ ಬಂದದ್ದು ಒಂದು ಸಂಗತಿಯನ್ನು ಹತ್ತಿರದಿಂದ ನೋಡಲಿಕ್ಕೆ. ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವರಿಗೆ ಏನು ಚಿಕಿತ್ಸೆ ಎಂಬುದನ್ನು ಈ ಭಾಗದಲ್ಲಿ ಯಾರು ತೀರ್ಮಾನಿಸುತ್ತಾರೆ? ಡಾಕ್ಟರೇ? ಮನೆಯ ಹಿರಿಯರೇ? ಅಥವಾ ಆ ರೋಗವನ್ನು ಮೈಯಲ್ಲಿ ಹೊತ್ತವರೇ?

ಮೊದಲ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ, ಇಲ್ಲಿನವರ ಮಾತಿನಲ್ಲಿ ಸರಕಾರಿ ದವಾಖಾನಿ. ಬಿಪಿ, ಶುಗರ್ ನೋಡುವವರೇ ಕ್ಯಾನ್ಸರಿನ ಮೊದಲ ತಪಾಸಣೆಯನ್ನೂ ಮಾಡುತ್ತಾರೆ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು, ಈ ಮೂರನ್ನು ನೋಡಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಬಾಯಿಗೆ ಟಾರ್ಚು ಬಿಟ್ಟು ಬಿಳಿ ಮಚ್ಚೆ, ಕೆಂಪು ಮಚ್ಚೆ, ಮಾಯದ ಹುಣ್ಣು ಹುಡುಕುತ್ತಾರೆ. ಗರ್ಭಕೊರಳಿಗೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶ ಇದ್ದಲ್ಲಿ ಬೆಳ್ಳಗಾಗುತ್ತದೆ. ದೊಡ್ಡ ಯಂತ್ರ ಏನೂ ಬೇಡ. ತರಬೇತಾದ ಕಣ್ಣು ಬೇಕು, ಬಾಗಿಲಿಗೊಂದು ಚಿಲಕ ಬೇಕು.

ಇಲ್ಲಿ ಆಗುವುದು ಅನುಮಾನದವರೆಗೆ ಮಾತ್ರ. ಖಾತ್ರಿಯಾಗಲು ಬಯಾಪ್ಸಿ ಬೇಕು, ಚಿಕಿತ್ಸೆಗೆ ದೊಡ್ಡ ಆಸ್ಪತ್ರೆ ಬೇಕು. ಹಾಗಾಗಿ ರೋಗಿಯ ಕೈಗೆ ಒಂದು ಚೀಟಿ ಬರುತ್ತದೆ: ಕಲಬುರಗಿಗೆ ಹೋಗಿ. ಆ ಚೀಟಿ ಕೊಡುವಾಗ ಆಡುವ ನಾಲ್ಕು ಮಾತಿನ ಮೇಲೆ ಮುಂದಿನ ಎಷ್ಟೋ ಸಂಗತಿ ನಿಂತಿರುತ್ತದೆ ಎಂದು ನನಗೆ ಮನದಟ್ಟಾದದ್ದು ಒಬ್ಬ ನರ್ಸಮ್ಮ ಮಾತಾಡಿದ ರೀತಿ ನೋಡಿ. ಆಕೆ ಬಾಗಿಲು ಮುಂದೆ ಮಾಡಿ, ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. “ಅವ್ವಾ, ಇದು ದೊಡ್ಡ ಬ್ಯಾನಿ ಅಂತ ನಾ ಹೇಳ್ಲತ್ತಿಲ್ಲ. ಅಲ್ಲ ಅಂತಾನೂ ಹೇಳ್ಲತ್ತಿಲ್ಲ. ತುಣುಕು ತೆಗೆದು ನೋಡಿದ್ರನಾ ಗೊತ್ತಾಗ್ತದ. ಈ ವಾರದಾಗ ಹೋಗ್ರಿ. ಹೋಗೂಮುಂದ ಯಾರನ್ನ ಕರ್ಕೊಂಡು ಹೋಗ್ತೀರಿ?” ಕೊನೆಯ ಆ ಪ್ರಶ್ನೆ ಯಾವ ನಮೂನೆ ಹಾಳೆಯಲ್ಲೂ ಇಲ್ಲ. ಆದರೆ ತೀರ್ಮಾನದ ಮೇಜಿನ ಸುತ್ತ ಯಾರು ಯಾರು ಕೂರುತ್ತಾರೆ ಎಂಬುದು ಅಲ್ಲಿಂದಲೇ ಗೊತ್ತಾಗತೊಡಗುತ್ತದೆ.

ಚೀಟಿ ಸಿಕ್ಕ ಸಂಜೆ ಮನೆಯ ಕಟ್ಟೆಯ ಮೇಲೆ ಮಾತುಕತೆ. ಹಿರಿಯ ಮಗ, ಅಳಿಯ, ಕಾಕಾ, ಪಟ್ಟಣ ಕಂಡ ದೂರದ ನೆಂಟ. ಒಬ್ಬರು ಕಲಬುರಗಿಯಲ್ಲೇ ಕಿದ್ವಾಯಿ ಶಾಖೆ ಇದೆ ಎನ್ನುತ್ತಾರೆ. ಅಫಜಲಪುರ, ಆಳಂದದ ಬೀಗರು ಸೊಲ್ಲಾಪುರ, ಬಾರ್ಶಿ ಎನ್ನುತ್ತಾರೆ. ಅವರಿಗೆ ಆ ಕಡೆಯ ದಾರಿ ರೂಢಿ. ಹೈದರಾಬಾದಿನಲ್ಲಿ ದುಡಿಯುವ ಹುಡುಗ ಅಲ್ಲಿನ ಎಂಎನ್‌ಜೆ ಆಸ್ಪತ್ರೆಯ ಹೆಸರು ತೆಗೆಯುತ್ತಾನೆ. ಇನ್ನೊಬ್ಬರಿಗೆ ಬೆಂಗಳೂರಿನ ಕಿದ್ವಾಯಿಯೇ ಆಗಬೇಕು. 1973ರಲ್ಲಿ ಶುರುವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಆ ಸಂಸ್ಥೆಯ ಹೆಸರು ಉತ್ತರದ ಹಳ್ಳಿಹಳ್ಳಿಗೂ ಗೊತ್ತು. ನಡುವೆಯೇ ಯಾರೋ ಒಬ್ಬರು “ಸೂಜಿ ಚುಚ್ಚಿದ್ರ, ತುಣುಕು ತೆಗೆದ್ರ ಬ್ಯಾನಿ ಮೈತುಂಬ ಹರಡತದ” ಎಂದು ಬಿಡುತ್ತಾರೆ. ಎಷ್ಟೋ ರೋಗಿಗಳು ತಿಂಗಳುಗಟ್ಟಲೆ ತಡಮಾಡುವುದು ಈ ಒಂದು ಮಾತಿನಿಂದ. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯದು. ಬಗೆ ತಿಳಿಯದೆ ಚಿಕಿತ್ಸೆ ಹೂಡಲಾಗದು. ಬಯಾಪ್ಸಿಯಿಂದ ಆಗುವ ಹಾನಿಗಿಂತ ಅದಕ್ಕೆ ಹೆದರಿ ಕಳೆದ ದಿನಗಳ ಹಾನಿ ಬಹಳ ದೊಡ್ಡದು.

ಕಟ್ಟೆಯ ಮಾತಿನಲ್ಲಿ ಎಲ್ಲರೂ ಇರುತ್ತಾರೆ. ಚೀಟಿ ತಂದ ಆಕೆ ಮಾತ್ರ ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ.

ಬೆಳಗಿನ ಬಸ್ಸಿನಲ್ಲಿ ಕಲಬುರಗಿಗೆ ಹೊರಟರೆ ಅರ್ಧಕ್ಕಿಂತ ಹೆಚ್ಚು ಸೀಟು ಹೆಂಗಸರದೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಈ ಯೋಜನೆಯ ಬಗ್ಗೆ ನಡೆದ ವಾದಗಳಲ್ಲಿ ಕ್ಯಾನ್ಸರಿನ ಮಾತು ಬಂದದ್ದನ್ನು ನಾನು ಕೇಳಿಲ್ಲ. ಆದರೆ ವಾರಕ್ಕೆ ಐದು ದಿನ ವಿಕಿರಣಕ್ಕೆ ಓಡಾಡಬೇಕಾದ ಕೂಲಿ ಹೆಂಗಸಿಗೆ ಅದು ಚಿಕಿತ್ಸೆಯ ಒಂದು ಭಾಗವೇ. ಜೊತೆಗೆ ಬರುವ ಗಂಡನಿಗೆ ಟಿಕೆಟ್ ಇದೆ. ಹಾಗಾಗಿ ಬರಬರುತ್ತ ಗಂಡನ ಬದಲು ತಂಗಿಯೋ ಸೊಸೆಯೋ ಜೊತೆಗೆ ಬರತೊಡಗುತ್ತಾರೆ. ಸೊಸೆ ಪಕ್ಕದಲ್ಲಿದ್ದರೆ ಅತ್ತೆ ಡಾಕ್ಟರ ಮುಂದೆ ಬಾಯಿ ಬಿಡುವುದು ಸುಲಭ ಎನ್ನುವುದನ್ನು ಆಮೇಲೆ ನಾನೇ ನೋಡಿದೆ.

ಸೇತುವೆಯ ಕೆಳಗೆ ಭೀಮೆ. ದಾಟಿದರೆ ಮತ್ತೆ ತೊಗರಿ ಹೊಲ, ಫರತಾಬಾದ್, ಆಮೇಲೆ ಕಲಬುರಗಿ.

ಕಲಬುರಗಿಯಲ್ಲಿ ನಾನು ಕೂತ ಹೊರರೋಗಿ ಕೋಣೆ ಯಾವ ಆಸ್ಪತ್ರೆಯದೆಂದು ಬರೆಯುವುದಿಲ್ಲ. ಒಳಗೆ ಕೂರಲು ಒಪ್ಪಿಗೆ ಕೊಟ್ಟ ರೋಗಿಗಳ ಗುಟ್ಟು ಕಾಯಬೇಕು. ಹೊರಗೆ ಸಾಲು ಉದ್ದ ಇತ್ತು. ನೆಲದ ಮೇಲೆ ಟವೆಲ್ ಹಾಸಿ ಮಲಗಿದವರು, ಬುತ್ತಿ ಬಿಚ್ಚಿ ಕೂತವರು. ಇಷ್ಟು ಮಂದಿಯನ್ನು ನೋಡಬೇಕಾದ ಡಾಕ್ಟರಿಗೆ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಸಿಕ್ಕೀತು ಎಂಬುದು ಯಾರಿಗಾದರೂ ಅರ್ಥವಾಗುವ ಲೆಕ್ಕ. ಅದಕ್ಕೇ ಆ ಬೆಳಿಗ್ಗೆ ನಾನು ಕಂಡದ್ದನ್ನು ತುಸು ವಿಸ್ತಾರವಾಗಿ ಬರೆಯುತ್ತೇನೆ.

ಜೇವರ್ಗಿ ತಾಲ್ಲೂಕಿನ ಹೆಂಗಸು, 50ರ ಆಸುಪಾಸು. ಎಡ ಎದೆಯಲ್ಲಿ ಗಡ್ಡಿ. ಬಯಾಪ್ಸಿ ಆಗಿ ಕ್ಯಾನ್ಸರ್ ಎಂದು ಖಾತ್ರಿಯಾಗಿತ್ತು. ಜೊತೆಗೆ ಮಗ, ಸೊಸೆ. ಡಾಕ್ಟರು ಫೈಲನ್ನು ಮಗನ ಕೈಯಿಂದ ತೆಗೆದುಕೊಂಡರು, ಕುರ್ಚಿಯನ್ನು ಮಾತ್ರ ಆಕೆಯ ಕಡೆ ತಿರುಗಿಸಿದರು. ಕೇಸ್ ಪೇಪರಿನ ಹಿಂಬದಿ ಒಂದು ವೃತ್ತ ಬರೆದರು, ಒಳಗೊಂದು ಸಣ್ಣ ಚುಕ್ಕೆ. “ಗಡ್ಡಿ ಅಡಕಿ ಬೆಟ್ಟದಷ್ಟು ಅದ. ಇದಕ್ಕ ಎರಡು ದಾರಿ ಅದಾವ. ಒಂದು, ಎದಿ ಪೂರ್ತಿ ತೆಗೆಯೂದು. ಇನ್ನೊಂದು, ಗಡ್ಡಿ, ಅದರ ಸುತ್ತಲಿಂದು ಸ್ವಲ್ಪ ತೆಗೆದು, ಎದಿ ಉಳಿಸಿ, ಆಮ್ಯಾಲ ಕರೆಂಟ್ ಕೊಡೂದು. ಎರಡರಾಗ ಯಾವುದು ಮಾಡಿದ್ರೂ ಆಯುಷ್ಯ ಅಷ್ಟೇ ಇರ್ತದ.”

ಆಕೆ ಮಗನ ಮುಖ ನೋಡಿದರು. ಮಗ “ನಮಗೇನ್ ತಿಳೀತದ್ರಿ ಸಾಹೇಬ್ರ, ನೀವೇ ನೋಡಿ ಛಲೋ ಇದ್ದದ್ದು ಮಾಡ್ರಿ” ಎಂದ. ಕಲಬುರಗಿಯ ಯಾವ ಆಸ್ಪತ್ರೆಗೆ ಹೋದರೂ ದಿನಕ್ಕೆ ನೂರು ಸಲ ಕೇಳಿಬರುವ ಮಾತಿದು. ಬಹಳಷ್ಟು ಕಡೆ ಮಾತು ಇಲ್ಲಿಗೆ ಮುಗಿದು ಆಪರೇಷನ್ನಿನ ದಿನಾಂಕ ಬರೆದಾಗುತ್ತದೆ. ಈ ಡಾಕ್ಟರು ಹಾಗೆ ಮಾಡಲಿಲ್ಲ. “ನಾ ಹೇಳ್ತೀನಿ. ಅದಕ್ಕ ಮೊದಲ ಅವ್ವಾರು ನನಗ ಒಂದೆರಡು ಹೇಳಬೇಕು. ಹೊಲದಾಗ ಏನ್ ಹಾಕೀರಿ?” ತೊಗರಿ. “ರಾಶಿ ಯಾವಾಗ?” ಎಳ್ಳಮಾಸಿ ಹೊತ್ತಿಗೆ. “ಮನ್ಯಾಗ ಕೆಲಸಕ್ಕ ಯಾರದಾರ?” ಅಲ್ಲಿಂದ ಆಕೆಯ ಬಾಯಿ ಬಿಚ್ಚಿತು. ರಾಶಿ, ಕೂಲಿ ಆಳು, ಮೊಮ್ಮಗ, ಬಲಗೈ, ಎಡಗೈ, ಕಡೆಗೆ ತಲೆ ತಗ್ಗಿಸಿ, ಎದೆ ಪೂರ್ತಿ ಹೋದರೆ ಕುಬಸ ಹ್ಯಾಗೆ ಕೂತೀತು ಎಂಬ ಪ್ರಶ್ನೆ. ಅದನ್ನು ಆಕೆ ಕೇಳಿದ್ದು ಸೊಸೆಯ ಕಿವಿಯಲ್ಲಿ. ಸೊಸೆ ಡಾಕ್ಟರಿಗೆ ದಾಟಿಸಿದಳು. ಡಾಕ್ಟರು ಮಗನನ್ನು ಐದು ನಿಮಿಷ ಹೊರಗೆ ಕಳಿಸಿದರು.

ಎರಡು ದಾರಿ, ಆಯುಷ್ಯ ಒಂದೇ ಎಂದು ಆ ಡಾಕ್ಟರು ಹೇಳಿದ್ದು ಸಮಾಧಾನದ ಮಾತಲ್ಲ. ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್, ಇಟಲಿಯ ಮಿಲಾನಿನಲ್ಲಿ ಉಂಬರ್ತೊ ವೆರೊನೇಸಿ 1970ರ ದಶಕದಲ್ಲಿ ಆರಂಭಿಸಿದ ಎರಡು ಅಧ್ಯಯನಗಳು ಹೆಂಗಸರನ್ನು 20 ವರ್ಷ ಹಿಂಬಾಲಿಸಿದವು. ಚಿಕ್ಕ ಗಡ್ಡೆ ಇದ್ದವರಲ್ಲಿ ಸ್ತನ ಪೂರ್ತಿ ತೆಗೆಸಿಕೊಂಡವರೂ, ಸ್ತನ ಉಳಿಸಿಕೊಂಡು ವಿಕಿರಣ ಪಡೆದವರೂ ಒಂದೇ ಪ್ರಮಾಣದಲ್ಲಿ ಬದುಕಿದರು. ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ಅಂದಮೇಲೆ ಯಾವುದು ಎಂಬುದನ್ನು ವೈದ್ಯಶಾಸ್ತ್ರ ತಾನೊಂದೇ ತೀರ್ಮಾನಿಸಲಾರದು. ಆ ಮೈ ಯಾರದೋ, ಆ ಹೊಲ ಮನೆ ಯಾರದೋ ಅವರನ್ನೇ ಕೇಳಬೇಕು.

ಕರೆಂಟ್, ಅಂದರೆ ವಿಕಿರಣ, ಎಷ್ಟು ದಿನ ಎಂಬುದರಲ್ಲೂ ಕಾಲ ಬದಲಾಗಿದೆ. ಮೊದಲು 25 ದಿನ, ಅಂದರೆ ಐದು ವಾರ ಓಡಾಡಬೇಕಿತ್ತು. ಆಮೇಲೆ ಬ್ರಿಟನ್ನಿನ ಅಧ್ಯಯನಗಳು 15 ದಿನ, ಮೂರು ವಾರ ಸಾಕು ಎಂದು ತೋರಿಸಿದವು. 2020ರಲ್ಲಿ ಅಲ್ಲಿಂದಲೇ ಬಂದ ಫಾಸ್ಟ್ ಫಾರ್ವರ್ಡ್ ಅಧ್ಯಯನ 4,096 ರೋಗಿಗಳ ಮೇಲೆ ನಡೆದು, ತಕ್ಕವರಿಗೆ ಒಂದೇ ವಾರದ ಐದು ದಿನವೂ ಸಾಕಾದೀತು ಎಂದಿತು. ಎಲ್ಲರಿಗೂ ಅದು ಹೊಂದುವುದಿಲ್ಲ. ಗಡ್ಡೆ ಎಲ್ಲಿದೆ, ಕಂಕುಳ ಗಂಟಿಗೆ ಹರಡಿದೆಯೇ, ಇರುವ ಯಂತ್ರ ಯಾವುದು, ಎಲ್ಲ ನೋಡಬೇಕು. ಆದರೆ ಐದು ವಾರಕ್ಕೂ ಮೂರು ವಾರಕ್ಕೂ ನಡುವಿನ ಅಂತರ ಬೆಂಗಳೂರಿನಲ್ಲಿ ಮನೆ ಇದ್ದವರಿಗೆ ಕಾಣುವುದೇ ಬೇರೆ, ಜೇವರ್ಗಿಯಿಂದ ಬಸ್ಸಿಗೆ ಬರುವವರಿಗೆ ಕಾಣುವುದೇ ಬೇರೆ. ಇವರಿಗೆ ಅದು ಹತ್ತು ದಿನದ ಕೂಲಿ.

ಆ ಹೆಂಗಸು ಎದೆ ಉಳಿಸಿಕೊಳ್ಳುವ ದಾರಿ ಆರಿಸಿಕೊಂಡರು. ರಾಶಿ ಮುಗಿಸಿಯೇ ಆಪರೇಷನ್ನಿಗೆ ಬರುತ್ತೇನೆ ಎಂದದ್ದಕ್ಕೆ ಮಾತ್ರ ಡಾಕ್ಟರು ಒಪ್ಪಲಿಲ್ಲ. “ಆಪರೇಷನ್ ಮುಂದ ಹಾಕೂದು ಬ್ಯಾಡ. ಗಾಯ ಮಾದ ಮ್ಯಾಲ ಕರೆಂಟಿಗಿ ಕೆಲವು ವಾರ ಟೈಮ್ ಇರ್ತದ. ಅಷ್ಟರಾಗ ರಾಶಿ ಆಗ್ತದ. ನೀವು ಹೊಲಕ್ಕ ಹೋಗ್ರಿ, ಕೂತು ನೋಡ್ರಿ, ಎಡಗೈಲಿ ಮೂಟಿ ಎತ್ತಬ್ಯಾಡ್ರಿ.” ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ತಿಳಿಯಿತೇ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. “ಈಗ ಮನಿಗಿ ಹೋಗಿ ನಿಮ್ಮ ತಂಗಿಗಿ ಹ್ಯಾಂಗ ಹೇಳ್ತೀರಿ, ನನಗ ಹೇಳಿ ತೋರಸ್ರಿ” ಎಂದರು. ಆಕೆ ಹೇಳಿ ತೋರಿಸಿದರು. ಒಂದು ಕಡೆ ತಪ್ಪಿತ್ತು: ಆಪರೇಷನ್ ಆದ ಮೇಲೆ ಬರುವ ರಿಪೋರ್ಟು ನೋಡಿ ಕೀಮೋ ಬೇಕಾದೀತು ಎಂಬುದನ್ನು ಬಿಟ್ಟಿದ್ದರು. ಡಾಕ್ಟರು ಅದನ್ನು ತಿದ್ದಿದರು. ಎಲ್ಲ ಸೇರಿ ಹಿಡಿದದ್ದು ಒಂದು ಚಾಪಾಣಿಯ ಹೊತ್ತು.

ಅದೇ ಬೆಳಿಗ್ಗೆ ಯಡ್ರಾಮಿ ಕಡೆಯ ಇನ್ನೊಬ್ಬ ಹೆಂಗಸಿಗೂ ಇಂಥದೇ ಗಡ್ಡೆ. ಆಕೆ ಎಲ್ಲ ಕೇಳಿಸಿಕೊಂಡು, ಪೂರ್ತಿ ತೆಗೆದುಬಿಡಿ ಎಂದರು. ಊರಿಗೆ ಬರುವ ಬಸ್ಸು ಕಡಿಮೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ದಿನಾ ಓಡಾಡುವುದು ಆಗದು. ಡಾಕ್ಟರು ಆಕೆಯ ಆಯ್ಕೆಯನ್ನು ಗೌರವಿಸಿದರು, ಗೌರವಿಸಲೇಬೇಕು. ನನಗೆ ಮಾತ್ರ ಅದು ಅರಗಲಿಲ್ಲ. ಆಕೆ ಆರಿಸಿದ್ದು ನಿಜ, ಆದರೆ ಆಕೆಯ ಪರವಾಗಿ ಅರ್ಧ ಆಯ್ಕೆಯನ್ನು ಬಸ್ಸಿನ ವೇಳೆಯೇ ಮಾಡಿತ್ತು. ರೋಗಿಯನ್ನು ಕೇಳಿ ಚಿಕಿತ್ಸೆ ಮಾಡಿ ಎಂದು ವೈದ್ಯರಿಗೆ ಬುದ್ಧಿ ಹೇಳುವ ನಾವು, ಕೇಳಿದಾಗ ಆಕೆ ಮುಕ್ತವಾಗಿ ಉತ್ತರಿಸುವಂಥ ಅನುಕೂಲವನ್ನೂ ಕಟ್ಟಿಕೊಡಬೇಕು. ಆಸ್ಪತ್ರೆಯ ಪಕ್ಕ ಮೂರು ವಾರ ತಂಗಲು ಒಂದು ಕೋಣೆ, ಎರಡು ಹೊತ್ತು ಊಟ ಇದ್ದಿದ್ದರೆ ಆಕೆಯ ಉತ್ತರ ಬೇರೆ ಆಗುತ್ತಿತ್ತೇನೋ. ಶರಣಬಸವೇಶ್ವರರ ದಾಸೋಹದ ಊರಿನಲ್ಲಿ ಇದು ಆಗದ ಕೆಲಸವಲ್ಲ.

ಎಲ್ಲದರಲ್ಲೂ ಎರಡು ದಾರಿ ಇರುವುದಿಲ್ಲ ಎನ್ನುವುದನ್ನೂ ಹೇಳಬೇಕು. ಕೂಡಿ ತೀರ್ಮಾನಿಸುವುದೆಂದರೆ ಡಾಕ್ಟರು ಕೈಚೆಲ್ಲಿ ನಿಮ್ಮಿಷ್ಟ ಎನ್ನುವುದಲ್ಲ. ಈ ಭಾಗದಲ್ಲಿ ಬಾಯಿ ಕ್ಯಾನ್ಸರ್ ಬಹಳ. ತಂಬಾಕು ಸುಣ್ಣ ತಿಕ್ಕಿ ದವಡೆಗೆ ಇಡುವ ರೂಢಿ ಹಳೆಯದು. ರಾಜ್ಯದಲ್ಲಿ ಗುಟಖಾ ನಿಷೇಧವಾದದ್ದು 2013ರಲ್ಲಿ, ಅಷ್ಟೊತ್ತಿಗೆ ಒಂದು ತಲೆಮಾರು ಅದಕ್ಕೆ ಒಗ್ಗಿತ್ತು. ನಾಲಿಗೆಯ ಅಂಚಿನಲ್ಲಿ ಹುಣ್ಣಿದ್ದ ಒಬ್ಬ ಯುವಕ ಕೇಳಿದ: ಹುಣ್ಣಿರೂದು ನಾಲಿಗ್ಯಾಗ, ಕುತ್ತಿಗಿ ಯಾಕ್ ಕೊಯ್ತೀರಿ? ಒಳ್ಳೆಯ ಪ್ರಶ್ನೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗಂಟುಗಳನ್ನೂ ಅದೇ ಆಪರೇಷನ್ನಿನಲ್ಲಿ ತೆಗೆದವರಲ್ಲಿ ಮೂರು ವರ್ಷದ ಹೊತ್ತಿಗೆ ಶೇ 80ರಷ್ಟು ಜನ ಬದುಕಿದ್ದರು; ಆಮೇಲೆ ನೋಡೋಣ ಎಂದು ಬಿಟ್ಟವರಲ್ಲಿ ಶೇ 67.5ರಷ್ಟು. ಇಂಥ ಕಡೆ ಡಾಕ್ಟರು ಗಟ್ಟಿಯಾಗಿ, ಇದೇ ಸರಿ ಎಂದು ಹೇಳಬೇಕು, ಯಾಕೆ ಎಂದೂ ಹೇಳಬೇಕು. ಕಾರಣ ತಿಳಿದ ಹುಡುಗ ತಲೆಯಾಡಿಸಿದ. ಆಪರೇಷನ್ನಿಗೆ ಹೆದರಿ ನಾಪತ್ತೆಯಾಗುವವರು ಬಹಳ ಸಲ ಈ ಕಾರಣವನ್ನೇ ಕೇಳಿಸಿಕೊಂಡಿರುವುದಿಲ್ಲ.

ಕಾರಿಡಾರಿನಲ್ಲಿ ಬೇರೆಯೇ ಒಂದು ಮಾತುಕತೆ ನಡೆಯುತ್ತಿರುತ್ತದೆ. ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ, ಮಗನೋ ಅಣ್ಣನೋ ಡಾಕ್ಟರನ್ನು ಬಾಗಿಲಲ್ಲಿ ತಡೆದು ಪಿಸುಗುಡುತ್ತಾರೆ: “ಅಪ್ಪಗ ಹೇಳಬ್ಯಾಡ್ರಿ. ಗೊತ್ತಾದ್ರ ಎದಿ ಒಡಕೊಂತಾನ. ಗಡ್ಡಿ ಅಂತ ಹೇಳ್ರಿ, ಸಾಕು.” ಇದರ ಹಿಂದೆ ಇರುವುದು ಪ್ರೀತಿಯೇ. ಆದರೆ ಆ ಪ್ರೀತಿಯಿಂದ ಆಗುವುದೇನು? ಅಪ್ಪ ಪಕ್ಕದ ಬೆಂಚಿನವರನ್ನು ನೋಡುತ್ತಾನೆ, ಗೋಡೆಯ ಮೇಲಿನ ಬೋರ್ಡು ಮೊಮ್ಮಗಳಿಂದ ಓದಿಸುತ್ತಾನೆ, ಕೂದಲು ಉದುರಿದವರನ್ನು ಕಾಣುತ್ತಾನೆ. ಅವನಿಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಮಗನಿಗೆ ಹೇಳಲಾರ, ಮಗ ಅಪ್ಪನಿಗೆ ಹೇಳಲಾರ. ಒಂದೇ ಮನೆಯ ಇಬ್ಬರು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬರುತ್ತಾರೆ. ಹೊಲದ ಪಾಲು, ಮಗಳ ಮದುವೆ, ಹರಕೆಯ ಗಾಣಗಾಪುರ, ಬಂದೇನವಾಜ್ ದರ್ಗಾ, ಹೇಳಬೇಕಾದ್ದು ಮಾಡಬೇಕಾದ್ದು ಎಷ್ಟೋ ಹಾಗೇ ಉಳಿದುಬಿಡುತ್ತದೆ. ಅನುಭವಿ ಡಾಕ್ಟರುಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಮಗನ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ನೇರ ಅಪ್ಪನನ್ನೇ ಕೇಳುತ್ತಾರೆ: “ಕಾಕಾ, ನಿಮ್ಮ ಬ್ಯಾನಿದು ಎಲ್ಲಾ ನಿಮಗೇ ಹೇಳ್ಲ್ಯಾ, ಇಲ್ಲಾ ಮಗನಿಗಿ ಹೇಳ್ಲ್ಯಾ?” ನನಗೇ ಹೇಳ್ರಿ ಎನ್ನುವವರೂ ಇದ್ದಾರೆ, ಮಗನಿಗೆ ಹೇಳ್ರಿ ಎನ್ನುವವರೂ ಇದ್ದಾರೆ. ಎರಡೂ ಅವರ ಸ್ವಂತ ತೀರ್ಮಾನ. ಕೇಳದೆ ಮುಚ್ಚಿಟ್ಟರೆ ಅದು ಯಾರ ತೀರ್ಮಾನ?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದಿಲ್ಲಿಯಲ್ಲಿ 1995ರಲ್ಲಿ ಸಮೀರಾ ಕೊಹ್ಲಿ ಎಂಬ ಹೆಣ್ಣುಮಗಳು ತಪಾಸಣೆಗೆಂದು ಅರಿವಳಿಕೆ ಪಡೆದು ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಕೇಳಿ ವೈದ್ಯರು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದರು. 2008ರ ಜನವರಿ 16ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆ ಅವರಿಂದಲೇ ಬರಬೇಕು. ಜೀವಕ್ಕೆ ಕೂಡಲೇ ಅಪಾಯ ಇಲ್ಲದಿದ್ದಾಗ ತಾಯಿಯ ಒಪ್ಪಿಗೆ ಅದರ ಬದಲಿಗೆ ನಿಲ್ಲದು. ಚಿಕಿತ್ಸೆ ಏನು, ಅದರ ಅಪಾಯ ಏನು, ಬೇರೆ ದಾರಿ ಉಂಟೇ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಿರಬೇಕು. ಆಪರೇಷನ್ನಿಗೆ ಮುಂಚೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಗದದ ಹಿಂದಿರುವ ಅರ್ಥ ಇಷ್ಟು. ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಪಡೆದರೆ ಅದು ಒಪ್ಪಿಗೆಯಲ್ಲ.

ಗುಣವಾಗುವ ಹಂತ ದಾಟಿ ಬಂದವರ ಕೋಣೆಯಲ್ಲಿ ಮಾತು ಇನ್ನೂ ನಿಧಾನ. ಬಾಯಿ ಕ್ಯಾನ್ಸರ್ ಮರುಕಳಿಸಿದ ಆಳಂದದ ಹಿರಿಯರೊಬ್ಬರು ಇನ್ನು ಸಲೈನ್ ಹಚ್ಚಿಸಿಕೊಳ್ಳಲು ಬರುವುದಿಲ್ಲ ಎಂದು ಬರೆದು ತೋರಿಸಿದರು, ದವಡೆ ತೆರೆಯುತ್ತಿರಲಿಲ್ಲ. ಇಂಥವರಿಗಾಗಿಯೇ ಟಾಟಾ ಆಸ್ಪತ್ರೆಯಲ್ಲಿ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮನೆಯಲ್ಲೇ ತೆಗೆದುಕೊಳ್ಳುವ ಎರಡು ಅಗ್ಗದ ಮಾತ್ರೆ, ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್. ಅವನ್ನು ಪಡೆದವರು ಮಧ್ಯಮ ಲೆಕ್ಕದಲ್ಲಿ 7.5 ತಿಂಗಳು ಬದುಕಿದರು, ಆಸ್ಪತ್ರೆಗೆ ಬಂದು ಸಿಸ್‌ಪ್ಲಾಟಿನ್ ಹಾಕಿಸಿಕೊಂಡವರು 6.1 ತಿಂಗಳು. ತಿಂಗಳುಗಳ ಲೆಕ್ಕ ಇದು, ಇದನ್ನು ಗುಣ ಎಂದು ಯಾರೂ ಹೇಳಬಾರದು. ಆದರೆ ಆ ತಿಂಗಳುಗಳನ್ನು ಬಸ್ಸಿನಲ್ಲಿ ಕಳೆಯಬೇಕೋ ಮನೆಯ ಅಂಗಳದಲ್ಲೋ ಎಂದು ಡಾಕ್ಟರು ಆ ಹಿರಿಯರನ್ನು ಕೇಳಿದರು, ಅವರು ಮನೆ ಎಂದರು. ನೋವಿಗೆ ಮಾರ್ಫಿನ್, ಗಂಜಿಗೆ ನಳಿಗೆ, ಮಗಳಿಗೆ ಗಾಯ ತೊಳೆಯುವ ಪಾಠ. ಚಿಕಿತ್ಸೆ ನಿಂತಿಲ್ಲ, ಅದರ ಗುರಿ ಬದಲಾಗಿದೆ. ಬದುಕಿನ ಕೊನೆಯಲ್ಲಿ ಯಂತ್ರಗಳ ಆಸರೆ ಬೇಕೇ ಬೇಡವೇ ಎಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರ ತೀರ್ಪಿನಲ್ಲಿ ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಹಳ್ಳಿಗಳಿಗೆ ಈ ಸುದ್ದಿ ಇನ್ನೂ ತಲುಪಬೇಕು.

ರೊಕ್ಕದ ಮಾತು. ಬಡವರಿಗೆ ದೊಡ್ಡ ಕಾಯಿಲೆಯ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ಕಲಬುರಗಿ ವಿಭಾಗಕ್ಕೇ. ಈಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಇದೆ. ಬೆಂಗಳೂರಿಗೋ ಮುಂಬೈಗೋ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೊಬ್ಬರಿಗೆ ಮುಕ್ಕಾಲು. 2025ರ ಮೇ ತಿಂಗಳಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳು ಶುರುವಾದವು. ಇವೆಲ್ಲ ಗೊತ್ತಿಲ್ಲದೆ ಹೊಲ ಮಾರಿದವರನ್ನು ಈ ಕಾರಿಡಾರಿನಲ್ಲೇ ಕಂಡೆ. ಯಾವ ಚಿಕಿತ್ಸೆ ಎಂದು ಹೇಳುವ ಬಾಯಿಯೇ ಅದರ ಖರ್ಚು ಎಷ್ಟು, ಯಾವ ಕಾರ್ಡಿನಲ್ಲಿ ಬರುತ್ತದೆ ಎಂದೂ ಹೇಳಿದರೆ ಎಷ್ಟು ಎಕರೆ ಉಳಿದೀತು.

ಕೇಳಿ ಮಾಡುವುದು, ಕೇಳದೆ ಮಾಡುವುದು ಎಂಬ ಪ್ರಶ್ನೆ ನಮ್ಮ ಗಡಿಯಲ್ಲೇ ದೊಡ್ಡದಾಗಿ ಎದ್ದದ್ದುಂಟು. ಆಳಂದಕ್ಕೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯಲ್ಲಿ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ, ಟಾಟಾ ಸ್ಮಾರಕ ಕೇಂದ್ರ ಹಾಗೂ ಫ್ರಾನ್ಸಿನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ 1999ರಿಂದ 30ರಿಂದ 59 ವಯಸ್ಸಿನ 1,31,746 ಹೆಂಗಸರ ಅಧ್ಯಯನ ನಡೆಸಿದವು. ಜೀವಮಾನದಲ್ಲಿ ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕೊರಳ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ತಪಾಸಣಾ ನೀತಿಯನ್ನೇ ಬದಲಿಸಿತು. ಹೋಲಿಕೆಗೆಂದು ಪರೀಕ್ಷೆ ಮಾಡದೆ ಬಿಟ್ಟ ಗುಂಪಿನ ಹೆಂಗಸರಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಲಾಗಿತ್ತೇ ಎಂಬ ನೈತಿಕ ಚರ್ಚೆಯೂ ಆಮೇಲೆ ಜೋರಾಗಿ ನಡೆಯಿತು. ನಮ್ಮ ಗಡಿಯ ರೊಟ್ಟಿ ಬಡಿಯುವ ಹೆಂಗಸರ ಮೈಯಿಂದ ಲೋಕಕ್ಕೆ ಜ್ಞಾನ ಸಿಕ್ಕಿದೆ. ಅದರ ಫಲ ಅವರಿಗೇ ಮೊದಲು ದಕ್ಕಬೇಕು, ಅವರನ್ನು ಕೇಳುವ ರೂಢಿಯೂ ಅಲ್ಲೇ ಮೊದಲು ಬೇರೂರಬೇಕು.

ಸಂಜೆಯ ಬಸ್ಸಿಗೆ ಜೇವರ್ಗಿಗೆ ಮರಳಿದಾಗ ನಿಲ್ದಾಣದಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಮಾತಿಗೆ ಸಿಕ್ಕರು. ತಮ್ಮ ಹಳ್ಳಿಯಲ್ಲಿ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರ ಮನೆಗೆ ಅವರು ಹೋಗುತ್ತಾರೆ. ಯಾಕೆ ಬಿಟ್ಟರು ಎಂದು ಕೇಳಿದೆ. ಬಹಳ ಮಂದಿಗೆ ಇನ್ನೆಷ್ಟು ಸಲ ಹೋಗಬೇಕು ಎಂಬುದೇ ಗೊತ್ತಿರುವುದಿಲ್ಲ, ಮೊದಲ ಸಲ ವಾಂತಿಯಾದ ಕೂಡಲೇ ಔಷಧ ಮೈಗೆ ಹತ್ತಲಿಲ್ಲ ಎಂದು ನಿಲ್ಲಿಸುತ್ತಾರೆ ಎಂದರು. ಔಷಧ ಬೇಡ ಎಂದವರಲ್ಲ ಇವರು, ಯಾರೂ ಕೂರಿಸಿ ಹೇಳದೆ ಹೋದವರು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯಲ್ಲಿ ಯಾರಿಗಾದರೂ ಈ ಬ್ಯಾನಿ ಬಂದರೆ ಕಟ್ಟೆಯ ಮಾತಿಗೆ ಮೊದಲು ಅವರನ್ನೇ ಕರೆಯಿರಿ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರನ್ನೇ ಕೂರಿಸಿ. ಹೊಲ, ರಾಶಿ, ಬಸ್ಸು, ಹರಕೆ, ಸಾಲ ಯಾವುದನ್ನೂ ನಾಚದೆ ಹೇಳಿ. ಬೇರೆ ದಾರಿ ಉಂಟೇ, ಮಾಡಿಸದಿದ್ದರೆ ಏನಾಗುತ್ತದೆ, ಎಷ್ಟು ದಿನ, ಎಷ್ಟು ರೊಕ್ಕ ಎಂದು ಕೇಳಿ. ಡಾಕ್ಟರು ಸಿಟ್ಟಾದಾರು ಎಂಬ ಅಂಜಿಕೆ ಬೇಡ. ಮಾಹಿತಿ ಪಡೆಯುವುದು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದಿನಲ್ಲೇ ಇದೆ. ಫೈಲಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕೆಂದು 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ.